ಘಾಟಿ ಇಳಿದ ಎರಡು ಕಾರು

ಇಳಿಜಾರಿನಲ್ಲಿ ನನ್ನ ಮುಂದೆ ಯಾವ ಗಾಡಿ ಹೋಗುತ್ತಿದ್ದರೂ ಅದರ ಹಿಂಭಾಗದಿಂದ ಕಣ್ಣು ಕೀಳಲು ನನಗೆ ಆಗುವುದಿಲ್ಲ. ಬಸ್ಸಾಗಲಿ, ಲಾರಿಯಾಗಲಿ, ಹುಲ್ಲು ಹೇರಿದ ಎತ್ತಿನ ಗಾಡಿಯಾಗಲಿ, ಅದು ಒಂದು ಗೇಣು ಪಕ್ಕಕ್ಕೆ ಸರಿದರೆ ಸಾಕು, ನಿಧಾನ, ನಿಧಾನ ಎಂದು ಕೂಗಿಬಿಡುತ್ತೇನೆ. ಮನೆಯವರು ನಗುತ್ತಾರೆ. "ಕಾಲೇಜಿಗೆ ಕಳಿಸಿದ್ದು ಹೆದರಿಕೆ ಕಲಿಯಾಕಾ?" ಎಂದು ಅಪ್ಪ ಒಮ್ಮೆ ಕೇಳಿದ್ದರು. ಆ ಹೆದರಿಕೆ ಹುಟ್ಟಿದ ದಿನ ಅವರೂ ನನ್ನ ಪಕ್ಕದಲ್ಲೇ ಕೂತಿದ್ದರು. ಇಬ್ಬರೂ ಕಂಡದ್ದು ಒಂದನ್ನೇ. ಅವರು ಅದನ್ನು ಮರೆತಿದ್ದಾರೋ, ಮರೆತವರ ಹಾಗೆ ಇದ್ದಾರೋ, ನನಗೆ ತಿಳಿಯದು.

ನಮ್ಮದು ಮಡಿಕೇರಿಗೆ ಹತ್ತಿರದ ಅರೆಭಾಷೆ ಆಡುವ ಗೌಡರ ಕೂಡುಕುಟುಂಬ. ಅಜ್ಜ ಪ್ರಾಯದಲ್ಲಿ ಗಾಡಿ ಹೊಡೆದವರು. ತೋಟಗಳ ಕಾಫಿಯನ್ನು ಸಂಪಾಜೆ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸುವುದು, ಬರುವಾಗ ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಬರುವುದು ಅವರ ಕೆಲಸ. ಆ ದುಡಿಮೆಯಿಂದಲೇ ನಮ್ಮ ಸ್ವಂತ ತೋಟ ಆದದ್ದು. ಎತ್ತುಗಳ ಕುತ್ತಿಗೆ ನೋಡಿಯೇ ಗಾಡಿಯೊಳಗೆ ಮೂಟೆ ಹೇಗೆ ಕೂತಿವೆ ಎಂದು ಹೇಳಬಲ್ಲರು ಎಂದು ಊರವರು ಅವರನ್ನು ಹೊಗಳುತ್ತಿದ್ದರು. ಭಾರದ ವಿಷಯ ಬಂದರೆ ಮನೆಯಲ್ಲಿ ಅಜ್ಜನ ಮಾತೇ ಕೊನೆಯ ಮಾತು.

ನಾನು ಮಂಗಳೂರಿನಲ್ಲಿ ಓದು ಮುಗಿಸಿ ಬಂದ ವರ್ಷ ಮನೆಗೆ ಒಂದು ದೊಡ್ಡ ಕಾರು ಬೇಕು ಎಂಬ ಮಾತು ಎದ್ದಿತ್ತು. ಮದುವೆ ಮುಂಜಿಗೆ ಹೊರಟರೆ ನಾವು ಒಂದು ದಂಡು. ಅದರ ಮೇಲೆ ಕಾಫಿ ಸಾಗಿಸುವುದಕ್ಕೆ ಪ್ರತಿ ವರ್ಷ ಲಾರಿಯವರನ್ನು ಕಾಯಬೇಕಾಗಿತ್ತು. ಜನರನ್ನೂ ಹೊರಬೇಕು, ಹಿಂದೆ ಟ್ರೇಲರ್ ಕಟ್ಟಿದರೆ ಎಳೆಯಲೂ ಬೇಕು, ಅಂಥ ಕಾರು. ಟ್ರೇಲರನ್ನು ಅಜ್ಜ ಮೊದಲೇ ಮಾಡಿಸಿ ಇಟ್ಟಿದ್ದರು. ಮುರಿದ ಲಾರಿಯೊಂದರ ಅಚ್ಚು ಮತ್ತು ಚಕ್ರ ತಂದು ಕಮ್ಮಾರನಿಂದ ಕಟ್ಟಿಸಿದ್ದು. ಎರಡೇ ಚಕ್ರ. ಮುಂದಕ್ಕೆ ಉದ್ದನೆಯ ಕಬ್ಬಿಣದ ಮೂತಿ, ಅದರ ತುದಿಗೆ ಒಂದು ದಪ್ಪ ಬಳೆ. ಕಾರಿನ ಹಿಂದಿನ ಕೊಂಡಿಗೆ ಆ ಬಳೆ ಸಿಕ್ಕಿಸಿ ಗೂಟ ಇಳಿಸಿದರೆ ಆಯಿತು. ನೋಡಲು ಎತ್ತಿಲ್ಲದ ಗಾಡಿಯ ಹಾಗೆಯೇ ಇತ್ತು.

ಮಾರುವವರು ಇಬ್ಬರು ಬಂದರು. ಮಂಗಳೂರಿನ ಏಜೆಂಟರು ತಂದದ್ದು ಕ್ಯಾನ್ವಾಸ್ ಮಾಡಿನ ತೆರೆದ ಕಾರು. ಏಳು ಜನ ಆರಾಮವಾಗಿ ಕೂರಬಹುದಾದ, ಮೂತಿಯೇ ಒಂದು ಮಂಚದಷ್ಟು ಉದ್ದವಿದ್ದ ಕಾರು. ಮೈಸೂರಿನ ಏಜೆಂಟರು ಫ್ರೇಜರ್‌ಪೇಟೆ ದಾರಿಯಾಗಿ ತಂದದ್ದು ಮರದ ಮೈಯ ಕಾರು. ಚೌಕನೆಯ ಪೆಟ್ಟಿಗೆ, ಮುಚ್ಚುವ ಬಾಗಿಲು, ಒಳಗೆ ಮೂರು ಸಾಲು ಬೆಂಚು. ತೋಟದ ದೊರೆಗಳು ಶಿಕಾರಿಗೆ ಹೋಗುವಾಗ ಅಂಥದರಲ್ಲಿ ನಾಯಿಗಳನ್ನು ತುಂಬಿಕೊಂಡು ಹೋಗುವುದನ್ನು ಎಲ್ಲರೂ ನೋಡಿದ್ದರು.

"ಇದ್ ಕಾರಲ್ಲ, ಕೋಳಿಗೂಡು" ಎಂದರು ಅಜ್ಜ. "ದೊರೆ ನಾಯಿ ಕೂರ್ಸುವ ಜಾಗಲಿ ನಮ್ಮ ಹೆಣ್ಣುಮಕ್ಕ ಕೂರ್ದಾ?"

"ನಾಯಿ ಕೂತ್ರೂ ನೆನೆಯದಿಲ್ಲ ಯಜಮಾನ್ರೆ" ಎಂದರು ಮೈಸೂರಿನವರು. "ಆ ಕಾರಲ್ಲಿ ಕೂತ್ರೆ ದೊರೇನೇ ನೆನೀತಾನೆ."

ಮಂಗಳೂರಿನವರು ಸುಮ್ಮನಿರುವ ಜಾತಿಯಲ್ಲ. "ನೆನೆದರೆ ಒಣಗ್ತದೆ ಧನಿ. ಏರಿನಲ್ಲಿ ನಿಂತು ಹೋದರೆ ಎಂಥ ಮಾಡುವುದು? ಇಳಿದು ನೂಕ್ಲಿಕ್ಕೆ ಆ ಗಾಡಿಯೊಟ್ಟಿಗೆ ಆಳುಗಳನ್ನೂ ಕೊಡ್ತಾರಾ, ಕೇಳಿ."

ಅಂಗಳದಲ್ಲಿ ನಗುವೋ ನಗು. ನಾವು ಹೆಂಗಸರು ಎರಡೂ ಕಾರುಗಳಲ್ಲಿ ಸರದಿಯ ಮೇಲೆ ಕೂತು ನೋಡಿದೆವು. ತೆರೆದ ಕಾರಿನ ಸೀಟು ಮೆತ್ತಗಿತ್ತು, ಆದರೆ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಮರದ ಕಾರಿನಲ್ಲಿ ಗಾಳಿ ಇಲ್ಲ, ಆದರೆ ಬೆಂಚು ಗಟ್ಟಿ, ವಾರ್ನಿಷಿನ ವಾಸನೆ ಬೇರೆ. ಅಪ್ಪನಿಗೆ ಮರದ್ದು ಹಿಡಿಸಿತು. ಅಜ್ಜನಿಗೆ ತೆರೆದದ್ದು.

ಅತ್ತಿಗೆ, ಎಂದರೆ ನನ್ನ ಅಣ್ಣನ ಹೆಂಡತಿ, ಆಗ ಏಳು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಅವಳಿಗೆ ಒಂದು ಮಗು ಹುಟ್ಟಿತ್ತು. ಅದು ಅಳಲಿಲ್ಲ. ಆಮೇಲೆ ಅವಳು ನಗುವುದನ್ನೇ ಬಿಟ್ಟಳೆಂದಲ್ಲ. ನಗುತ್ತಿದ್ದಳು. ಆದರೆ ನಗುವಾಗ ಒಂದು ಕೈ ಹೊಟ್ಟೆಯ ಮೇಲೆ ಇರುತ್ತಿತ್ತು, ಈ ಸಲದ ಬಸುರಿಗೂ ಮುಂಚಿನಿಂದಲೇ. ಮಡಿಕೇರಿಯ ಡಾಕ್ಟರು ಈ ಬಾರಿ ಮೈ ಕುಲುಕಬಾರದು ಎಂದು ಎಚ್ಚರಿಸಿದ್ದರು. ಅಣ್ಣ ದೂರದ ಊರಿನ ಕೆಲಸದಲ್ಲಿದ್ದ. ಅವನಿಂದ ಬಂದ ಸುದ್ದಿಯೂ ಅದೇ, ಜೋಪಾನ. ಎರಡೂ ಕಾರಿನಿಂದ ಇಳಿದ ಮೇಲೆ ಅತ್ತಿಗೆ ನನ್ನ ಕಿವಿಯಲ್ಲಿ, "ಬಾಗಿಲು ಮುಚ್ಚುವದೇ ತಕಣ್ಲಿ ಅಂತ ಮಾವಂಗೆ ಹೇಳ್" ಎಂದಳು. ಹೇಳಿದೆ. ಅಪ್ಪ ತಲೆಯಾಡಿಸಿದರು, ಅಷ್ಟೆ. ಅಜ್ಜನ ಎದುರು ತಲೆಯಾಡಿಸುವುದಕ್ಕಿಂತ ಹೆಚ್ಚಿನದನ್ನು ಅವರು ಮಾಡುತ್ತಿರಲಿಲ್ಲ.

ಮೊದಲ ಪರೀಕ್ಷೆ ಏರಿನದು. ಗದ್ದೆಯ ಬಯಲಿನಿಂದ ಮಡಿಕೇರಿ ರಸ್ತೆಗೆ ಹತ್ತುವ ಕಡಿದಾದ ದಾರಿಯಲ್ಲಿ ಮೂಟೆ ತುಂಬಿದ ಟ್ರೇಲರನ್ನು ಒಂದಾದ ಮೇಲೆ ಒಂದು ಕಾರು ಎಳೆಯಬೇಕು. ಊರೇ ನೋಡಲು ನಿಂತಿತ್ತು. ಮರದ ಕಾರು ಅರ್ಧದಾರಿಯಲ್ಲಿ ಉಸಿರು ಕಟ್ಟಿ, ಮೂತಿಯಿಂದ ಬಿಸಿನೀರು ಉಕ್ಕಿಸಿತು. ತೆರೆದ ಕಾರು ಗೇರು ಸಹ ಬದಲಿಸದೆ ಹತ್ತಿ ಬಂತು. ಅಜ್ಜ ತಾವೇ ಹತ್ತಿಸಿದವರ ಹಾಗೆ ಮೀಸೆ ಸವರಿದರು.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಅಷ್ಟು ಜನ, ಅಷ್ಟು ಚರ್ಚೆ. ಎಷ್ಟು ಹತ್ತುತ್ತದೆ, ಎಷ್ಟು ಕುಡಿಯುತ್ತದೆ, ಎಷ್ಟು ಜನ ಹಿಡಿಸುತ್ತಾರೆ ಎಂದೆಲ್ಲ ಕೇಳಿದರು. ಇಳಿಯುವ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿನವರಿಗೆ ಏರೇ ಸಂಕಟ. ಇಳಿಜಾರಿಗೆ ಅವರ ಹತ್ತಿರ ಹಿಂದಿನಿಂದ ಬಂದ ಉಪಾಯಗಳಿದ್ದವು.

ಕೊನೆಯ ಪರೀಕ್ಷೆ ಸುಳ್ಯದ ಪಯಣ. ಅತ್ತಿಗೆಯ ತವರು ಘಾಟಿಯ ಕೆಳಗೆ ಸುಳ್ಯದ ಬಳಿ. ಬಾಣಂತನಕ್ಕೆ ಅವಳನ್ನು ಕಳಿಸುವ ದಿನ ಹತ್ತಿರ ಬಂದಿತ್ತು. ಕಾಫಿಯೂ ಮಂಗಳೂರಿಗೆ ಹೋಗಬೇಕಿತ್ತು. ಎರಡು ಕಾರೂ ಹೊರಡಲಿ, ಅತ್ತಿಗೆಯನ್ನು ಬಿಟ್ಟು ಕಾಫಿ ಮುಟ್ಟಿಸಿ ಬರಲಿ, ಬಂದ ಮೇಲೆ ಯಾವುದೆಂದು ಹೇಳುತ್ತೇನೆ ಎಂದರು ಅಜ್ಜ. ಗೆದ್ದ ಕಾರಿಗೆ ಟ್ರೇಲರ್. ಮರದ ಕಾರು ಹಿಂದಿನಿಂದ ಬರಲಿ.

ಹೊರಡುವ ಬೆಳಿಗ್ಗೆ ನಾನು ಅತ್ತಿಗೆಯ ಸಾಮಾನನ್ನು ಮರದ ಕಾರಿನಲ್ಲಿ ಇಡುತ್ತಿದ್ದೆ. ಅಜ್ಜ ತಡೆದರು.

"ಅವ್ಳು ನನ್ನ ಗಾಡಿಲಿ ಬರ್ಲಿ. ಬಸುರಿ ಹೆಣ್ಣ್ ಹಿರಿಯವ್ರ ಸಂಗಡ ಹೋಕು. ನೀ ಓದಿದ ಗೂಡೆ, ನೀನು ಆ ಕೋಳಿಗೂಡ್ಲಿ ಕೂತ್ ಅದ್ರ ಗುಣ ಅವಗುಣ ನೋಡಿಕಣ್. ಬಂದ್ ನಂಗೆ ಹೇಳ್."

ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತಲೆಯಾಡಿಸಿದರು. ಹೀಗೆ ಅವಳು ತೆರೆದ ಕಾರಿನ ಹಿಂದಿನ ಸೀಟಿನಲ್ಲಿ, ತವರಿಗೆ ಒಯ್ಯುವ ಬಾಳೆಗೊನೆ, ಬೆಲ್ಲ, ಅಕ್ಕಿಯ ಬುಟ್ಟಿಗಳ ನಡುವೆ ಕೂತಳು. ಮುಂದೆ ಅಜ್ಜ. ಸ್ಟೇರಿಂಗಿಗೆ ಮಂಗಳೂರಿನ ಏಜೆಂಟರು. ಹಿಂದಿನ ಕಾರಿನಲ್ಲಿ ಮೈಸೂರಿನವರು, ಅಪ್ಪ, ನಾನು, ಮೂಟೆ ಇಳಿಸಲು ತೋಟದ ಇಬ್ಬರು ಆಳುಗಳು.

ಮಡಿಕೇರಿ ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ನಮ್ಮ ಮುಂದೆ ಟ್ರೇಲರ್ ಕಾರಿನ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಿತ್ತು. ಅದರ ಮೂಟೆಗಳ ಆಚೆ ಅತ್ತಿಗೆಯ ಮುಡಿಯ ಹೂವು ಕಾಣುತ್ತಿತ್ತು. "ಚೆನ್ನಾಗ್ ಎಳೀತಾನೆ ಕಣಮ್ಮ, ಒಪ್ಪಬೇಕಾದ್ದೆ" ಎಂದರು ಮೈಸೂರಿನವರು, ಸೋತವರ ದೊಡ್ಡತನದಲ್ಲಿ.

ಘಾಟಿಯ ತಲೆಯಲ್ಲಿ ಒಂದು ಹಳೆಯ ಆಲದ ಮರವಿದೆ. ಗಾಡಿಯವರು ಇಳಿಯುವ ಮುಂಚೆ ಅಲ್ಲಿ ನಿಲ್ಲುವುದು ಪದ್ಧತಿ. ಎತ್ತುಗಳಿಗೆ ನೀರು ಕುಡಿಸಿ, ಮೂಟೆಗಳನ್ನು ಸರಿಸಿ ಕಟ್ಟಿ ಆಮೇಲೆ ಇಳಿಯುತ್ತಾರೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದು ನೊಗ ಎತ್ತಿನ ಕುತ್ತಿಗೆಯನ್ನು ಒತ್ತುತ್ತದೆ. ಅದಕ್ಕಾಗಿ ಮೊದಲೇ ಮೂಟೆಗಳನ್ನು ಗಾಡಿಯ ಹಿಂಬದಿಗೆ ಸರಿಸಿಬಿಡಬೇಕು. ಹಾಗೆ ಮಾಡದ ಗಾಡಿಯವನನ್ನು ಅಜ್ಜನ ಕಾಲದಲ್ಲಿ ಕಟುಕ ಎಂದು ಬೈಯುತ್ತಿದ್ದರಂತೆ.

ಮರದ ಬುಡಕ್ಕೆ ಬಂದದ್ದೇ ಅಜ್ಜ ಕೈ ಎತ್ತಿ ಕಾರು ನಿಲ್ಲಿಸಿದರು. ಕೆಳಗಿನಿಂದ ಮಂಜು ಏರಿ ಬರುತ್ತಿತ್ತು. ಬಿಸಿಲು ಇತ್ತು, ಆದರೆ ರಸ್ತೆಯ ಮೊದಲ ತಿರುವಿನ ಆಚೆಗೆ ಏನೂ ಕಾಣುತ್ತಿರಲಿಲ್ಲ.

"ಮೂಟೆ ಹಿಂದಕ್ಕೆ ಹಾಕಿ" ಎಂದರು ಆಳುಗಳಿಗೆ.

"ಎಂಥಕ್ಕೆ ಧನಿ?" ಎಂದರು ಮಂಗಳೂರಿನವರು. "ಸರಿಯಾಗಿ ಬರ್ತಾ ಉಂಟಲ್ಲ?"

"ಇಳಿಜಾರ್ ಇದ್. ಭಾರ ಮುಂದೆ ಇದ್ರೆ ನಿಮ್ಮ ಗಾಡಿ ಕುತ್ತಿಗೆ ಮೇಲೆ ಬಿದ್ದದೆ. ಎತ್ತಿಗೆ ಹೆಂಗೋ ಇದ್ಕೂ ಹಂಗೆ."

ಮಂಗಳೂರಿನವರು ಮೈಸೂರಿನವರ ಕಡೆ ನೋಡಿದರು. ಮೈಸೂರಿನವರು ಅಜ್ಜನ ಕಡೆ ನೋಡಿದರು. ಇಬ್ಬರೂ ಕಾರು ಮಾರುವವರು; ಟ್ರೇಲರನ್ನು ಘಾಟಿ ಇಳಿಸಿದವರಲ್ಲ. "ಹೌದು ಹೌದು, ಅನುಭವದ ಮಾತು" ಎಂದು ಮೈಸೂರಿನವರೇ ಮೊದಲು ಒಪ್ಪಿದರು. ನನಗೂ ಸರಿಯೆಂದೇ ತೋರಿತು. ಆಳುಗಳು ಮೂಟೆಗಳನ್ನು ಒಂದೊಂದಾಗಿ ಬಾಲದ ಕಡೆಗೆ ಹೊತ್ತು ಒಟ್ಟಿ ಬಿಗಿದರು. ಟ್ರೇಲರಿನ ಮೂತಿ ಸ್ವಲ್ಪ ಮೇಲೆದ್ದು, ಕೊಂಡಿಯಲ್ಲಿ ಬಳೆ ಕಿರ್ರೆಂದಿತು. ಅಜ್ಜ ಆ ಮೂತಿಯ ಮೇಲೆ ಕೈಯಿಟ್ಟು ಮೆಲ್ಲಗೆ ಎತ್ತಿ ನೋಡಿದರು. ಒಂದೇ ಕೈಗೆ ಹಗುರವಾಗಿ ಬಂತು. ಎತ್ತಿನ ಕುತ್ತಿಗೆ ತಟ್ಟುವ ಹಾಗೆ ಕಾರಿನ ಹಿಂಬದಿಯನ್ನು ತಟ್ಟಿ, "ಈಗ ಸುಖ" ಎಂದರು.

ಅತ್ತಿಗೆ ಹಿಂದಿರುಗಿ ನನಗೆ ಕೈಬೀಸಿದಳು. ಆ ಕೈಬೀಸು ನನಗೆ ಇನ್ನೂ ಕಾಣುತ್ತದೆ.

ಮೊದಲ ತಿರುವು ಸರಿಯಾಗಿ ಹೋಯಿತು. ಎರಡನೆಯದೂ ಹೋಯಿತು. ಬಲಕ್ಕೆ ಗೋಡೆಯ ಹಾಗೆ ಎದ್ದ ಗುಡ್ಡದ ಬರೆ, ಎಡಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಮರದ ತುದಿಗಳು. ಅಷ್ಟು ಎತ್ತರದ ಮರಗಳ ತುದಿ ನಮ್ಮ ಪಾದಕ್ಕಿಂತ ಕೆಳಗೆ. ನೇರವಾದ ಇಳಿಜಾರು ಬಂದಾಗ ಮುಂದಿನ ಕಾರು ಸ್ವಲ್ಪ ವೇಗ ಹಿಡಿಯಿತು. ಆಗ ಟ್ರೇಲರಿನ ಬಾಲ ಒಂದು ಗೇಣು ಎಡಕ್ಕೆ ಸರಿಯಿತು. ಆಮೇಲೆ ಬಲಕ್ಕೆ. ನೀರು ಹೊತ್ತ ಹೆಂಗಸಿನ ನಡಿಗೆಯ ಹಾಗೆ, ನೋಡಲು ಚಂದವೇ ಅನ್ನಿಸುವಂತೆ. ಅಪ್ಪ ನಕ್ಕರು. "ನೋಡ್, ಕುಣಿತಾ ಉಟ್ಟು."

ಮತ್ತೆ ಎಡಕ್ಕೆ, ಎರಡು ಗೇಣು. ಬಲಕ್ಕೆ, ಮೂರು. ಈಗ ಅದು ಕಾರಿನ ಬಾಲವನ್ನೂ ತನ್ನ ಜೊತೆ ಎಳೆದಾಡುತ್ತಿತ್ತು. ಅತ್ತಿಗೆಯ ತಲೆ ಆ ಕಡೆ ಈ ಕಡೆ ಬಡಿಯುವುದು ಕಂಡಿತು. ಅಪ್ಪನ ನಗು ಅವರ ಮುಖದಲ್ಲೇ ನಿಂತುಹೋಯಿತು. ಮೈಸೂರಿನವರು, "ಬ್ರೇಕ್ ಹಾಕಬ್ಯಾಡ, ಹಾಕಬ್ಯಾಡ" ಎಂದು ತಮ್ಮಷ್ಟಕ್ಕೇ ಗೊಣಗಿದರು. ಅದು ಯಾರಿಗೂ ಕೇಳುವಂಥದ್ದಲ್ಲ. ಮುಂದಿನವರು ಬ್ರೇಕ್ ಒತ್ತಿದರು. ಹೆದರಿದ ಮನುಷ್ಯ ಮತ್ತೇನು ಮಾಡಬೇಕು?

ಟ್ರೇಲರ್ ನಿಲ್ಲಲಿಲ್ಲ. ಕಾರಿನ ಬಾಲವನ್ನು ಹಿಡಿದು ಕೊರಕಲಿನ ಕಡೆಗೆ ತಿರುಗಿಸಿತು. ಕಾರಿನ ಮೂತಿ ಬರೆಯ ಕಡೆಗೆ ಹೊರಳಿತು. ಕಟ್ಟೆಯ ಕಲ್ಲುಗಳು ಒಡೆದು ಉರುಳುವ ಸದ್ದು, ಅದರ ಹಿಂದೆಯೇ ಕಬ್ಬಿಣ ಹರಿದ ಸದ್ದು. ಕಾರು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಟ್ರೇಲರ್ ಕಾಣಲಿಲ್ಲ. ಕೆಳಗೆ ಎಲ್ಲೋ ಮರದ ಕೊಂಬೆಗಳು ಮುರಿಯುತ್ತಾ ಹೋದವು. ಎಷ್ಟೋ ಹೊತ್ತಿನವರೆಗೆ ಮುರಿಯುತ್ತಲೇ ಇದ್ದವು. ಆಮೇಲೆ ಒಂದು ಹಕ್ಕಿಯ ಕೂಗೂ ಇಲ್ಲ.

ನಾವು ಮೇಲೆ ಸ್ವಲ್ಪ ದೂರದಲ್ಲಿ ನಿಂತೆವು. ಇಳಿದು ಓಡಿದೆ. ಧೂಳು ಸರಿದ ಮೇಲೆ ಕಂಡದ್ದು ಇಷ್ಟು: ಕಾರಿನ ಹಿಂದಿನ ಚಕ್ರಗಳ ಕೆಳಗೆ ರಸ್ತೆ ಇರಲಿಲ್ಲ. ಹೊಟ್ಟೆಯ ಕಬ್ಬಿಣ ರಸ್ತೆಯ ಅಂಚಿಗೆ ತಾಗಿ ನಿಂತಿತ್ತು. ಮುಂದಿನ ಸೀಟು ನೆಲದ ಮೇಲೆ, ಹಿಂದಿನ ಸೀಟು ಗಾಳಿಯ ಮೇಲೆ. ಹಿಂದಿನ ಸೀಟಿನಲ್ಲಿ ಅತ್ತಿಗೆ ಎರಡು ಕೈಯಲ್ಲೂ ಹೊಟ್ಟೆ ಹಿಡಿದು, ಬಾಯಿ ತೆರೆದು ಕೂತಿದ್ದಳು.

ಅಷ್ಟರಲ್ಲಿ ಮಂಗಳೂರಿನವರು ಸ್ಟೇರಿಂಗ್ ಬಿಟ್ಟು ರಸ್ತೆಗೆ ಹಾರಿದರು. ಅವರನ್ನು ದೂರಲಾರೆ, ಹಾರಿದ್ದು ಅವರ ಕಾಲು, ಅವರಲ್ಲ. ಅವರು ಹಾರಿದ ಕ್ಷಣ ಕಾರಿನ ಮೂತಿ ಎರಡು ಬೆರಳು ಮೇಲೆದ್ದಿತು. ಹಿಂದೆ ಅಕ್ಕಿಯ ಬುಟ್ಟಿ ಜಾರಿ ಹೊರಗೆ ಬಿತ್ತು. ಅದು ನೆಲಕ್ಕೆ ತಾಗಿದ ಸದ್ದು ಕೇಳಿಸಲೇ ಇಲ್ಲ.

ಮುಂದೆ ಅಜ್ಜ ಬಾಗಿಲಿನ ಚಿಲಕಕ್ಕೆ ಕೈಹಾಕಿ ಎದ್ದರು.

ನಮ್ಮಲ್ಲಿ ಯಾವ ಗಾಡಿಯಿಂದಾದರೂ ಮೊದಲು ಇಳಿಯುವವರು ಹಿರಿಯರು. ಅವರು ಇಳಿದು ನಿಂತ ಮೇಲೆ ಗಂಡಸರು, ಆಮೇಲೆ ಹೆಂಗಸರು. ಅಜ್ಜ ಹೆದರಿ ಏಳಲಿಲ್ಲ. ಜೀವಮಾನವಿಡೀ ಎದ್ದ ಹಾಗೆ ಎದ್ದರು, ಇಳಿದು ಮೊಮ್ಮಗನ ಹೆಂಡತಿಯನ್ನು ಇಳಿಸೋಣವೆಂದು. ಅಪ್ಪನೂ ಅವರ ಕೈಹಿಡಿಯಲು ಆ ಬದಿಗೆ ಓಡುತ್ತಿದ್ದರು. ನಾನು ಕಂಡದ್ದು ಮೂತಿ ಮೇಲೆದ್ದ ಆ ಎರಡು ಬೆರಳು ಮಾತ್ರ.

"ಅಜ್ಜಾ! ಕೂರಿ! ಇಳಿಬೇಡಿ!"

ಅದು ನನ್ನದೇ ದನಿ. ಆ ಮನೆಯಲ್ಲಿ ಯಾವ ಹೆಣ್ಣೂ ಅಜ್ಜನಿಗೆ ಹಾಗೆ ಕೂಗಿರಲಿಲ್ಲ. ಅಪ್ಪ ತಿರುಗಿ ನನ್ನನ್ನು ಹೊಡೆಯುವವರ ಹಾಗೆ ನೋಡಿದರು.

"ನೀವು ಇಳ್ದ್ರೆ ಅತ್ತಿಗೆ ಕೆಳಗೆ ಬಿದ್ದದೆ ಅಜ್ಜ! ಕೂರಿ!"

ಅಜ್ಜ ನನ್ನ ಮುಖ ನೋಡಿದರು, ಹಿಂದೆ ತಿರುಗಿ ಅತ್ತಿಗೆಯ ಮುಖ ನೋಡಿದರು. ಭಾರದ ಮನುಷ್ಯ ಅಲ್ಲವೇ, ಅರ್ಥವಾಯಿತು. ಮೆಲ್ಲಗೆ, ಮೊಟ್ಟೆಯ ಮೇಲೆ ಕೂರುವವರ ಹಾಗೆ ಕೂತರು. ಕೂತು, ಸಾಧ್ಯವಾದಷ್ಟು ಮುಂದಕ್ಕೆ ಬಾಗಿದರು. ಅವರು ತೆಳ್ಳಗಿನ ಮನುಷ್ಯ. ಇನ್ನಷ್ಟು ದಪ್ಪ ಇರಬಾರದಿತ್ತೇ ಎಂದು ಆಗ ಅನ್ನಿಸಿತು.

ಅಪ್ಪ, ಮಂಗಳೂರಿನವರು, ಆಳುಗಳು ನಾಲ್ವರೂ ಕಾರಿನ ಮೂತಿಗೆ ಜೋತುಬಿದ್ದರು. ಮೈಸೂರಿನವರು ಮರದ ಕಾರನ್ನು ಅಂಗುಲ ಅಂಗುಲವಾಗಿ ಹತ್ತಿರ ಇಳಿಸಿ, ಅದರಲ್ಲೇ ಇಟ್ಟಿದ್ದ ಸರಪಳಿಯ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ತೆರೆದ ಕಾರಿನ ಮುಂದಿನ ಅಚ್ಚಿಗೂ ಬಿಗಿದು, ಹಿಂದಕ್ಕೆ ಸರಿಸಿದರು. ಸರಪಳಿ ನೆಟ್ಟಗಾಯಿತು. "ಹಿಡ್ಕೊಂಡಿರ್ತದೆ. ಎಳೆಯಕ್ಕೆ ಆಗಲ್ಲ ಈಗ, ಅಲ್ಲಾಡಿದ್ರೆ ಅಂಚು ಕುಸೀತದೆ. ತಾಯಿ ಮುಂದಕ್ಕೆ ಬಂದುಬಿಡ್ಲಿ" ಎಂದರು.

ಅತ್ತಿಗೆ ಮುಂದಕ್ಕೆ ಬರಬೇಕಾದರೆ ಮುಂದಿನ ಸೀಟಿನ ಬೆನ್ನನ್ನು ದಾಟಬೇಕು. ಸ್ಟೇರಿಂಗಿನ ಬದಿಯಲ್ಲಿ ಆ ದೊಡ್ಡ ಚಕ್ರ. ಬಸುರಿ ಹೊಟ್ಟೆಗೆ ಅಲ್ಲಿ ಎಡೆಯಿಲ್ಲ. ಉಳಿದದ್ದು ಅಜ್ಜ ಕೂತ ಬದಿ. ಅವಳು ಎದ್ದಳು. ಕಾರು ನರಳಿತು. ಸೀಟಿನ ಬೆನ್ನು ಹಿಡಿದಳು. ಅಲ್ಲಿ ನಿಂತುಬಿಟ್ಟಳು.

"ಬಾ ಅತ್ತಿಗೇ" ಎಂದೆ.

"ದಾಟಿದ್ರೆ ಅಜ್ಜಂಗೆ ಕಾಲ್ ತಾಗಿದೆ" ಎಂದಳು. ಕಾರು ಅಡ್ಡ ನಿಂತ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಈಗ ಬರೆಯುವಾಗ ಇದು ನಂಬುವಂತಿಲ್ಲ. ಕೆಳಗೆ ಕೊರಕಲು, ಹೊಟ್ಟೆಯಲ್ಲಿ ಮಗು, ಆದರೂ ಹಿರಿಯರನ್ನು ಕಾಲಲ್ಲಿ ದಾಟುವುದು ಹೇಗೆಂದು ಅವಳು ನಿಂತಿದ್ದಳು. ಗಂಡನ ಮನೆಗೆ ಬಂದಂದಿನಿಂದ ಅಜ್ಜನ ಎದುರು ಕಾಲು ಚಾಚಿ ಕೂತವಳಲ್ಲ. ಮೂತಿಗೆ ಜೋತುಬಿದ್ದ ಆಳೊಬ್ಬನ ಕೈ ಬೆವರಿ ಜಾರುತ್ತಿತ್ತು. ಸರಪಳಿ ಕಿರುಗುಟ್ಟುತ್ತಿತ್ತು.

ಅಜ್ಜ ತಲೆ ತಗ್ಗಿಸಿ, ಹೆಗಲನ್ನು ಅವಳ ಕಡೆಗೆ ಒಡ್ಡಿದರು. ಹಿಂದಿರುಗಿ ನೋಡಲಿಲ್ಲ.

"ತುಳಿ ಮಗಾ. ಇದ್ ಹೆಗಲಲ್ಲ, ಮೆಟ್ಟಿಲ್ ಅಂತ ತಿಳ್ಕಣ್. ತುಳ್ಕಂಡ್ ಬಾ."

ಅವಳು ತುಳಿದಳು. ಒಂದು ಪಾದ ಅಜ್ಜನ ಹೆಗಲ ಮೇಲೆ. ಹೊಟ್ಟೆ ಸೀಟಿನ ಬೆನ್ನಿಗೆ ಒತ್ತಿದಾಗ "ಅವ್ವಾ" ಎಂದಳು. ಅಜ್ಜ ಅವಳ ಕಣಕಾಲನ್ನು ಹಿಡಿದು ತಮ್ಮ ಪಕ್ಕಕ್ಕೆ ಇಳಿಸಿದರು. ನಾನು ಬಾಗಿಲು ತೆರೆದು ಅವಳ ಕೈ ಹಿಡಿದೆ. ಅವಳ ಎರಡೂ ಪಾದ ರಸ್ತೆಗೆ ತಾಗಿದ ಮೇಲೆ ಅಜ್ಜ ಇಳಿದರು. ಎಲ್ಲರಿಗಿಂತ ಕೊನೆಗೆ ಅವರು ಗಾಡಿ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಮರದ ಕಾರು ಆ ಕಾರನ್ನು ರಸ್ತೆಗೆ ಎಳೆಯಿತು. ನಾವು ಅದನ್ನು ನೋಡಲಿಲ್ಲ. ಅತ್ತಿಗೆ ಬರೆಗೆ ಒರಗಿ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಕೈಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ, ಏನನ್ನೋ ಹುಡುಕುವವಳ ಹಾಗೆ ಸರಿಸುತ್ತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಇಲ್ಲ ಎನ್ನುವಂತೆ ತಲೆಯಲ್ಲಾಡಿಸಿದಳು.

"ಮಗು ಹೆದ್ರಿ ಸುಮ್ಮನಾಗುಟ್ಟು, ಅಷ್ಟೆ" ಎಂದೆ. ಹಾಗೆನ್ನಲು ನನಗೇನು ತಿಳಿದಿತ್ತು? ಕಾಲೇಜಿನಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ.

ಕೆಳಗೆ ಹೋಗಲೇಬೇಕಿತ್ತು. ಹಿಂದಕ್ಕೆ ಏರಿದರೆ ಹತ್ತಿರದಲ್ಲಿ ಮನೆಯೊಂದೂ ಇಲ್ಲ, ಕೆಳಗೆ ಸಂಪಾಜೆ. ಅವಳ ತವರಿನವರು ಎದುರುಗೊಳ್ಳಲು ಅಲ್ಲಿಯೇ ಕಾಯುತ್ತಿದ್ದರು. ಮೈಸೂರಿನವರು ಕಾರಿನ ಬಾಗಿಲು ತೆರೆದು ನಿಂತರು. ಅವಳು ಬೇಕೆಂದು ಕೇಳಿದ್ದು ಅದೇ ಕಾರು, ಮುಚ್ಚುವ ಬಾಗಿಲು. ಅತ್ತಿಗೆ ಅದರ ಕಡೆಗೆ ನೋಡಲೂ ಇಲ್ಲ. "ನಾ ನಡ್ದ್ ಹೋನೆ" ಎಂದಳು.

ಯಾರೂ ಬೇಡ ಎನ್ನಲಿಲ್ಲ. ಅಜ್ಜನೂ ಎನ್ನಲಿಲ್ಲ.

ಅವಳು ಮುಂದೆ, ಪಕ್ಕದಲ್ಲಿ ನಾನು, ಹಿಂದೆ ಅಜ್ಜ. ಎರಡು ಕಾರುಗಳೂ ಬಹಳ ಹಿಂದೆ, ಶವಯಾತ್ರೆಯ ಹಾಗೆ ಮೆಲ್ಲಗೆ. ಹಾಗೆ ಬರೆಯಬಾರದೆಂದು ಗೊತ್ತು, ಆದರೆ ಅಂದು ನನ್ನ ತಲೆಯಲ್ಲಿ ಬಂದ ಹೋಲಿಕೆ ಅದೇ. ಪ್ರತಿ ತಿರುವಿನಲ್ಲೂ ಅವಳನ್ನು ಕೇಳಬೇಕೆನಿಸುತ್ತಿತ್ತು. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆಯಿಂದ ಕೇಳಲಿಲ್ಲ. ಅವಳು ಒಂದೊಂದು ಸಲ ನಿಲ್ಲುತ್ತಿದ್ದಳು. ನಾವೂ ನಿಲ್ಲುತ್ತಿದ್ದೆವು. ಅವಳು ಕಿವಿಗೊಟ್ಟು ಕೇಳುವವಳ ಹಾಗೆ ತಲೆ ಓರೆಮಾಡಿ, ಮತ್ತೆ ನಡೆಯುತ್ತಿದ್ದಳು. ಹಿಂದೆ ಅಜ್ಜನ ಉಸಿರು ಕೇಳುತ್ತಿತ್ತು. ಅವರ ಬಿಳಿಯ ಅಂಗಿಯ ಹೆಗಲ ಮೇಲೆ ಕೆಂಪು ಧೂಳಿನ ಪಾದದ ಗುರುತು ಇತ್ತು. ಕೊಡವಿಕೊಳ್ಳಲಿಲ್ಲ.

ಘಾಟಿಯ ಬುಡದಲ್ಲಿ ಒಂದು ಚಹಾದ ಗುಡಿಸಲು. ಅಲ್ಲಿನ ಹೆಂಗಸು ಅತ್ತಿಗೆಯ ಮುಖ ನೋಡಿದವಳೇ, ಏನೂ ಕೇಳದೆ ಬೆಲ್ಲದ ನೀರು ತಂದಳು. ಅತ್ತಿಗೆ ಕುಡಿದಳು. ಇನ್ನೂ ಬೇಕೆಂದು ಲೋಟ ಒಡ್ಡಿದಳು. ಎರಡನೆಯದನ್ನು ಅರ್ಧ ಕುಡಿದವಳು ತಟ್ಟನೆ ನಿಲ್ಲಿಸಿ, ಲೋಟವನ್ನು ಎದೆಯ ಹತ್ತಿರ ಹಾಗೇ ಹಿಡಿದಳು.

"ಒದ್ದತ್" ಎಂದಳು. ಆಮೇಲೆ ಸ್ವಲ್ಪ ತಡೆದು, "ಇನ್ನೊಂದ್ ಸಲ."

ಅಜ್ಜ ಗುಡಿಸಲಿನ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ಅವರಿಗೆ ಕೇಳಿಸಿತು. ಎದ್ದು ರಸ್ತೆಯ ಆ ಬದಿಗೆ ಹೋಗಿ ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತರು.

ಅತ್ತಿಗೆಯನ್ನು ತವರಿನವರಿಗೆ ಒಪ್ಪಿಸಿ ಬಂದೆವು. ಆ ವರ್ಷ ಯಾವ ಕಾರನ್ನೂ ತೆಗೆದುಕೊಳ್ಳಲಿಲ್ಲ. ಕಾಫಿಯ ಮೂಟೆಗಳು ಕೊರಕಲಿನಲ್ಲೇ ಹೋದವು. ಮರುವರ್ಷ ಅಪ್ಪ, ಈ ಸಲ ಬರಿ ತಲೆಯಾಡಿಸದೆ, ಮರದ ಕಾರು ತಂದರು. ಏರಿನಲ್ಲಿ ಅದು ಇವತ್ತಿಗೂ ಕುದಿಯುತ್ತದೆ. ನಾವು ನಿಂತು, ನೀರು ಹೊಯ್ದು ಮುಂದೆ ಹೋಗುತ್ತೇವೆ. ಮತ್ತೆ ಟ್ರೇಲರ್ ಮಾಡಿಸಲಿಲ್ಲ.

ಮಂಗಳೂರಿನ ಗ್ಯಾರೇಜೊಂದರಲ್ಲಿ ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಟ್ರೇಲರಿನ ಭಾರ ಮುಂದಿರಬೇಕಂತೆ, ಮೂತಿ ಕೊಂಡಿಯನ್ನು ಒತ್ತಿಕೊಂಡಿರಬೇಕಂತೆ. ಹಿಂದಿದ್ದರೆ ಅದು ಬಾಲವಾಡಿಸುತ್ತದೆ. ಎತ್ತಿಗೆ ದಯೆಯಾಗಿದ್ದದ್ದು ಕಾರಿಗೆ ಕ್ರೌರ್ಯ. ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಒಂದು ದಿನ ಅಜ್ಜ ತಾವೇ ಕೇಳಿದರು, ಅಂಗಳದಲ್ಲಿ ನಾನು ಒಬ್ಬಳೇ ಇದ್ದಾಗ.

"ಮೂಟೆ ಮುಂದೆ ಇದ್ದಿದ್ರೆ ಸರಿ ಇರ್ತಿತ್ತಾ? ಓದಿದ ಗೂಡೆ, ನಿಂಗೆ ಗೊತ್ತುಟ್ಟು."

"ಗೊತ್ತಿಲ್ಲೆ ಅಜ್ಜ" ಎಂದೆ.

ಅವರು ನನ್ನನ್ನು ನೋಡಿ, "ಆಗ್ಲಿ" ಎಂದರು. ನಾನು ಹೇಳದ್ದನ್ನು ಅವರು ಕೇಳಿಸಿಕೊಂಡರೆಂದೇ ನನ್ನ ನಂಬಿಕೆ. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು.

ಅಂದು ಹೊಟ್ಟೆಯಲ್ಲಿದ್ದವಳು ಈಗ ಶಾಲೆಗೆ ಹೋಗುತ್ತಾಳೆ. ಗಟ್ಟಿ ಹುಡುಗಿ, ಮರ ಹತ್ತುತ್ತಾಳೆ. ಅವಳಿಗೆ ಇದೊಂದೂ ಗೊತ್ತಿಲ್ಲ. ನನ್ನ ವಿಚಿತ್ರ ಹಠ ಮಾತ್ರ ಗೊತ್ತು. ಕಾರು ಎಲ್ಲಿ ನಿಂತರೂ, ಸಮತಟ್ಟಾದ ನಮ್ಮ ಅಂಗಳದಲ್ಲಿ ನಿಂತರೂ, ಮುಂದೆ ಕೂತವರು ಯಾರೇ ಆಗಿರಲಿ, ಎಷ್ಟೇ ಹಿರಿಯರಾಗಿರಲಿ, ನಾನು ಅವರನ್ನು ಇಳಿಯಲು ಬಿಡುವುದಿಲ್ಲ. ಹಿಂದಿನ ಸೀಟಿನಿಂದ ಅವಳು ಇಳಿಯಬೇಕು. ಅವಳ ಎರಡೂ ಪಾದ ನೆಲಕ್ಕೆ ತಾಗಿದ್ದನ್ನು ನಾನು ನೋಡಬೇಕು. ನೆಂಟರು ಮುಖ ಸಿಂಡರಿಸುತ್ತಾರೆ. ಅಪ್ಪ ಕಾಲೇಜಿನ ಮಾತು ತೆಗೆದು ನಗುತ್ತಾರೆ. ಅತ್ತಿಗೆ ನಗುವುದಿಲ್ಲ. ಬಾಗಿಲು ತೆರೆದು ಮಗಳ ಕೈ ಹಿಡಿದು ಇಳಿಸಿ, ಆಮೇಲೆ ಮುಂದಿನವರಿಗೆ, "ಈಗ ಇಳಿರಿ" ಎನ್ನುತ್ತಾಳೆ.